ಚಿತ್ರಾಂಗದೆಯ ಜೊತೆ ಪಾಂಡವಪುರಕ್ಕೆ

ಮೇ 27, ಮೊದಲ ದಿನ

ಶಿವಮೊಗ್ಗದಲ್ಲಿ ಹತ್ತಿದ ರೈಲು ಅರಸೀಕೆರೆ, ಹಾಸನ, ಹೊಳೆನರಸೀಪುರಗಳನ್ನು ದಾಟಿ ಮೈಸೂರು ಸೇರುವಾಗ ಮಧ್ಯಾಹ್ನವಾಗಿತ್ತು. ಹಿಂದಿನ ರಾತ್ರಿ ಒಳ್ಳೆಯ ಮಳೆ ಬಿದ್ದಿದ್ದರಿಂದ ಸರಸ್ವತಿಪುರದ ರಸ್ತೆಗಳಲ್ಲಿ ಗುಲ್‌ಮೊಹರ್ ಹೂವುಗಳು ಒದ್ದೆ ಟಾರಿಗೆ ಅಂಟಿಕೊಂಡಿದ್ದವು. ಈ ಪ್ರಯಾಣಕ್ಕೆ ನನಗೆ ಎರಡು ಕಾರಣಗಳಿದ್ದವು. ಬಂಗಾಳಿ ನಿರ್ದೇಶಕ ಋತುಪರ್ಣೊ ಘೋಷ್ ತೀರಿಕೊಂಡದ್ದು 2013ರ ಮೇ 30ರಂದು. ಆ ದಿನ ಬರುವುದಕ್ಕೆ ಮೊದಲು ಮೂರು ದಿನ ಅವರ ಚಿತ್ರಗಳನ್ನು ಕೂತು ನೋಡೋಣವೆಂದು ನಮ್ಮ ಭಾಷಾಶಾಸ್ತ್ರದ ಮೇಡಂ ಏಳೆಂಟು ಮಂದಿಯನ್ನು ತಮ್ಮ ಮನೆಗೆ ಕರೆದಿದ್ದರು. ಇನ್ನೊಂದು ಕಾರಣ ಪಾಂಡವಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಚಿಕ್ಕಯ್ಯ. ಮದುವೆ, ತಿಥಿಗಳಲ್ಲಿ ಮುಖ ಕಂಡದ್ದು ಬಿಟ್ಟರೆ ಅವರೊಡನೆ ನಾನು ನೆಮ್ಮದಿಯಿಂದ ಕೂತು ಮಾತಾಡಿ ಎಷ್ಟೋ ವರ್ಷಗಳಾಗಿದ್ದವು. ಆ ಎರಡು ಕಾರಣಗಳು ಬೇರೆ ಬೇರೆ ಎಂದೇ ನಾನು ತಿಳಿದು ಹೊರಟಿದ್ದೆ.

ಮೇಡಂ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿ ದುಡಿದು ನಿವೃತ್ತರಾದವರು. ಭುವನೇಶ್ವರದ ಕೇಂದ್ರದಲ್ಲಿದ್ದಾಗ ಬಂಗಾಳಿ ಕಲಿತವರು. ನಡುಮನೆಯ ಗೋಡೆಗೆ ಬಿಳಿ ಪಂಚೆಯನ್ನು ಮೊಳೆ ಹೊಡೆದು ಬಿಗಿದಿದ್ದರು. ಬಂದವರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಕಾಫಿ ಲೋಟ ಕೈಯಲ್ಲಿ ಹಿಡಿದೇ, ಇವು ಮನೆಮಂದಿಯೆಲ್ಲ ಕೂತು ನೋಡುವಂಥ ಚಿತ್ರಗಳೋ ಎಂದು ಕೇಳಿದರು. ಋತುಪರ್ಣೊ ಸಲಿಂಗಪ್ರೇಮಿ ಎಂಬುದನ್ನು ಅವರು ಎಲ್ಲೋ ಓದಿದ್ದರು. ಮೇಡಂ ಮೃದುವಾಗಿಯೇ, ‘ಇವರು ಮನೆ ಬಿಟ್ಟು ಹೊರಗೆ ಚಿತ್ರ ತೆಗೆದದ್ದೇ ಕಡಿಮೆ, ಮೊದಲು ನೋಡಿ’ ಎಂದರು.

ಆ ಮಾತು ಎಷ್ಟು ನಿಜವೆಂದು ಸಂಜೆಯ ಚಿತ್ರದಲ್ಲೇ ಗೊತ್ತಾಯಿತು. ‘ಉನಿಶೆ ಏಪ್ರಿಲ್’, ಅಂದರೆ ಏಪ್ರಿಲ್ 19, ಋತುಪರ್ಣೊ ಅವರ ಎರಡನೆಯ ಚಿತ್ರ; 1994ರ ಸಾಲಿನ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಹೆಸರಾಂತ ನರ್ತಕಿಯಾದ ತಾಯಿ, ವೈದ್ಯೆಯಾದ ಮಗಳು, ಸತ್ತ ತಂದೆಯ ನೆನಪಿನ ದಿನ, ಒಂದು ಮನೆ, ಒಂದು ರಾತ್ರಿ. ತಾಯಿಗೆ ತನಗಿಂತ ಕುಣಿತವೇ ಹೆಚ್ಚಾಯಿತೆಂದು ಮಗಳು ವರ್ಷಗಟ್ಟಲೆ ಒಳಗೇ ಕಟ್ಟಿಟ್ಟುಕೊಂಡಿದ್ದ ಕೋಪವು ಆ ರಾತ್ರಿ, ಮಗಳು ಸಾಯಲು ನಿಶ್ಚಯಿಸಿಕೊಂಡ ಹೊತ್ತಿನಲ್ಲೇ, ತಾಯಿಯ ಎದುರು ಬಿಚ್ಚಿಕೊಳ್ಳುತ್ತದೆ. ಅಪರ್ಣಾ ಸೇನ್ ಮತ್ತು ದೇಬಶ್ರೀ ರಾಯ್ ಇಬ್ಬರೇ ಅಷ್ಟು ಹೊತ್ತು ಪಂಚೆಯ ಮೇಲೆ ಮಾತಾಡುತ್ತಿದ್ದರೂ ನಮ್ಮಲ್ಲಿ ಯಾರೂ ಎದ್ದು ಹೋಗಲಿಲ್ಲ. ಆ ಹಿರಿಯರು ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದು, ತಮ್ಮ ಮಗಳು ಪುಣೆಯಲ್ಲಿದ್ದಾಳೆ ಎಂದು ಮಾತ್ರ ಹೇಳಿ ಚಪ್ಪಲಿ ಹಾಕಿಕೊಂಡರು.

ಮೇ 28, ಎರಡನೆಯ ದಿನ

ಬೆಳಿಗ್ಗೆ ಆರಕ್ಕೆ ಮೇಡಂ ಜೊತೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಹೋದೆ. ಹೆಜ್ಜಾರ್ಲೆಗಳು ನೀರಿನ ನಡುವೆ ಗುಂಪಾಗಿ ಕೂತಿದ್ದವು. ನಡೆಯುತ್ತಾ ಅವರು ಋತುಪರ್ಣೊ ಅವರ ಬದುಕನ್ನು ತಮ್ಮ ಕ್ರಮದಲ್ಲಿ ಹೇಳಿದರು. 1963ರ ಆಗಸ್ಟ್ 31ರಂದು ಕೋಲ್ಕತ್ತದಲ್ಲಿ ಹುಟ್ಟಿದವರು. ತಂದೆ ಸಾಕ್ಷ್ಯಚಿತ್ರಗಳನ್ನು ಮಾಡುತ್ತಿದ್ದವರು, ಚಿತ್ರಕಾರರೂ ಹೌದು. ಜಾದವಪುರ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿದ ಮಗ ಸೇರಿದ್ದು ಜಾಹೀರಾತು ಕಂಪನಿಗೆ. ಆ ಕಾಲದಲ್ಲಿ ಕೋಲ್ಕತ್ತದ ಜಾಹೀರಾತುಗಳಲ್ಲಿ ಹೆಚ್ಚಿನವು ಇಂಗ್ಲಿಷ್, ಹಿಂದಿಯಲ್ಲಿ ಹುಟ್ಟಿ ಬಂಗಾಳಿಗೆ ಅನುವಾದವಾಗಿ ಬರುತ್ತಿದ್ದಾಗ, ಇವರು ಬಂಗಾಳಿಯಲ್ಲೇ ಯೋಚಿಸಿ ಬರೆಯತೊಡಗಿದರು. ಬೊರೊಲಿನ್ ಕ್ರೀಮಿಗೆ ಅವರು ಬರೆದ ‘ಬಂಗ ಜೀವನದ ಅಂಗ’ ಎಂಬರ್ಥದ ಪ್ರಾಸದ ಸಾಲು ಬಂಗಾಳಿಗಳ ಬಾಯಲ್ಲಿ ಇಂದಿಗೂ ಇದೆ. 1992ರಲ್ಲಿ ಮಕ್ಕಳ ಚಿತ್ರವೊಂದರಿಂದ ಆರಂಭಿಸಿ ಸುಮಾರು ಇಪ್ಪತ್ತು ವರ್ಷಗಳಲ್ಲಿ ಅವರು ಗಳಿಸಿದ ರಾಷ್ಟ್ರಪ್ರಶಸ್ತಿಗಳು 12. ಬೀದಿಯಲ್ಲಿ ಹೆಣ್ಣೊಬ್ಬಳ ಮೇಲೆ ನಡೆದ ದೌರ್ಜನ್ಯ ಎರಡು ಮನೆಗಳ ಒಳಗೆ ಏನೇನು ಮಾಡಿತೆಂದು ನೋಡುವ ‘ದಹನ್’, ದುರ್ಗಾಪೂಜೆಗೆ ಹಳೆಯ ಮನೆಗೆ ಬಂದು ಸೇರುವ ಕುಟುಂಬದ ‘ಉತ್ಸಬ್’, ಐಶ್ವರ್ಯಾ ರೈ ನಟಿಸಿದ ‘ಚೋಖೇರ್ ಬಾಲಿ’, ಇವೆಲ್ಲ ಆ ಗಳಿಕೆಯ ದಾರಿಯಲ್ಲಿ ಬಂದವು. ಸತ್ಯಜಿತ್ ರಾಯ್ ತೀರಿಕೊಂಡ ವರ್ಷವೇ ಇವರ ಮೊದಲ ಚಿತ್ರ ಬಂದದ್ದು; ಟಿ.ವಿ. ಮುಂದೆ ಕೂತುಬಿಟ್ಟಿದ್ದ ಮಧ್ಯಮವರ್ಗದ ಬಂಗಾಳಿಗಳನ್ನು ಮತ್ತೆ ಚಿತ್ರಮಂದಿರಕ್ಕೆ ಕರೆತಂದವರಲ್ಲಿ ಇವರು ಮುಖ್ಯರು.

‘ಅಷ್ಟು ಹೆಸರು ಮಾಡಿದ ಮೇಲೆ ಸುಮ್ಮನಿರಬಹುದಿತ್ತು’ ಎಂದರು ಮೇಡಂ. ‘ಸುಮ್ಮನಿರಲಿಲ್ಲ ನೋಡಿ, ಅದೇ ಅವರ ದೊಡ್ಡಸ್ತಿಕೆ.’

ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿನ ಬಗ್ಗೆ ದೆಹಲಿ ಹೈಕೋರ್ಟು ತೀರ್ಪು ಕೊಟ್ಟು, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದದ್ದು 2009ರ ಜುಲೈ 2ರಂದು. ಮುಂದಿನ ಮೂರು ವರ್ಷಗಳಲ್ಲಿ ಋತುಪರ್ಣೊ ಮೂರು ಚಿತ್ರಗಳಲ್ಲಿ ತಾವೇ ನಟಿಸಿದರು. ಮೊದಲನೆಯದು ಕೌಶಿಕ್ ಗಂಗೂಲಿ ನಿರ್ದೇಶಿಸಿದ ‘ಆರೇಕ್ಟಿ ಪ್ರೇಮೇರ್ ಗಲ್ಪೊ’, ಇನ್ನೊಂದು ಪ್ರೇಮದ ಕಥೆ ಎಂದು ಅರ್ಥ. ಎರಡನೆಯದು ಸಂಜೊಯ್ ನಾಗ್ ನಿರ್ದೇಶಿಸಿದ, ಇವರೇ ಬರೆದ ‘ಮೆಮರೀಸ್ ಇನ್ ಮಾರ್ಚ್’. ಮೂರನೆಯದನ್ನು ಬರೆದು, ನಟಿಸಿ, ನಿರ್ದೇಶಿಸಿದರು, ಅದೇ ‘ಚಿತ್ರಾಂಗದಾ’. ಆ ಹೊತ್ತಿಗೆ ಅವರ ಉಡುಗೆಯೂ ಬದಲಾಗಿತ್ತು, ದೇಹವೂ ಬದಲಾಗುತ್ತಿತ್ತು: ಕಣ್ಣಿಗೆ ಕಾಡಿಗೆ, ಕಿವಿಗೆ ಆಭರಣ, ಬೋಳಿಸಿದ ತಲೆಗೆ ಸುತ್ತಿದ ಮುಂಡಾಸು. ಅದಕ್ಕೆ ಮೊದಲು 1996ರಲ್ಲಿ ಮುಂಬೈಯ ರಿಯಾದ್ ವಾಡಿಯಾ ಒಂದು ಕಿರುಚಿತ್ರದಲ್ಲಿ, 2005ರಲ್ಲಿ ಒನಿರ್ ಒಂದು ಹಿಂದಿ ಚಿತ್ರದಲ್ಲಿ ಈ ಬದುಕನ್ನು ತೋರಿಸಿದ್ದರು, ನಿಜ. ಆದರೆ ಮನೆಮನೆಯ ಅಜ್ಜಿಯರಿಗೂ ಗೊತ್ತಿದ್ದ ಒಬ್ಬ ಜನಪ್ರಿಯ ನಿರ್ದೇಶಕ, ತನ್ನ ಭಾಷೆಯ ಪ್ರೇಕ್ಷಕರ ಎದುರಿಗೆ, ತನ್ನ ಮೈಯನ್ನೇ ಕಥೆಯಾಗಿ ತಂದು ನಿಲ್ಲಿಸಿದ್ದು ಇದೇ ಮೊದಲು ಎಂದು ನನಗೆ ಅನ್ನಿಸುತ್ತದೆ.

ಮಧ್ಯಾಹ್ನ ನೋಡಿದ್ದು ‘ಆರೇಕ್ಟಿ ಪ್ರೇಮೇರ್ ಗಲ್ಪೊ’. ಬಂಗಾಳದ ಜಾತ್ರಾ ಎಂಬ ರಂಗಪ್ರಕಾರದಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾಗಿದ್ದ ಚಪಲ್ ಭಾದುರಿ ಎಂಬ ಕಲಾವಿದರ ಮೇಲೆ ಸಾಕ್ಷ್ಯಚಿತ್ರ ಮಾಡಲು ದೆಹಲಿಯಿಂದ ಬರುವ ಅಭಿರೂಪ್ ಎಂಬ ನಿರ್ದೇಶಕನ ಕಥೆ ಅದು. ಮುದುಕ ಚಪಲ್ ಆಗಿ ಸ್ವತಃ ಚಪಲ್ ಭಾದುರಿಯೇ ಇದ್ದಾರೆ. ಅಭಿರೂಪ್ ಆಗಿಯೂ, ಹಳೆಯ ದಿನಗಳ ಹರೆಯದ ಚಪಲ್ ಆಗಿಯೂ ಋತುಪರ್ಣೊ ಇದ್ದಾರೆ. ಒಂದು ಕಾಲಕ್ಕೆ ಚಪಲ್‌ರಾಣಿ ಎಂದು ಕರೆಸಿಕೊಂಡು ರಂಗದ ಮೇಲೆ ರಾಣಿಯರಾಗಿ ಮೆರೆದವರು, ಹೆಂಗಸರೇ ಜಾತ್ರಾಕ್ಕೆ ಬರತೊಡಗಿದ ಮೇಲೆ ಯಾರಿಗೂ ಬೇಡವಾದರು.

ಆ ಮಾತು ಕಿವಿಗೆ ಬಿದ್ದಾಗ ನನಗೆ ಮೈಸೂರಿನ ಆ ನಡುಮನೆಯಲ್ಲಿ ಕೂತಿರಲು ಕಷ್ಟವಾಯಿತು. ನಮ್ಮ ಚಿಕ್ಕಯ್ಯ ಹದಿನೈದನೇ ವಯಸ್ಸಿನಿಂದ ಹತ್ತೂರಿನ ಪೌರಾಣಿಕ ನಾಟಕಗಳಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದವರು. ‘ಕುರುಕ್ಷೇತ್ರ’ದ ದ್ರೌಪದಿ, ‘ಬಭ್ರುವಾಹನ’ದ ಚಿತ್ರಾಂಗದೆ ಎಂದರೆ ಅವರೇ. ಹಾರ್ಮೋನಿಯಂ ಮೇಷ್ಟ್ರು ಅವರ ಶ್ರುತಿಗೆ ತಕ್ಕಂತೆ ಬಾರಿಸುತ್ತಿದ್ದರು. ಮಂಡ್ಯದಿಂದ ಸೀನರಿಯವರು ಬಂದರೆ ಮೊದಲು ಅವರ ಸೀರೆ ಯಾವ ಬಣ್ಣದ್ದೆಂದು ಕೇಳಿ ದೀಪ ಕಟ್ಟುತ್ತಿದ್ದರು. ಆಮೇಲೆ ಊರೂರಿನ ನಾಟಕಗಳಿಗೆ ದುಡ್ಡು ಕೊಟ್ಟು ಕಲಾವಿದೆಯರನ್ನು ಕರೆಸುವುದು ರೂಢಿಯಾಯಿತು. ಅದು ಆ ಹೆಣ್ಣುಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದ ಜಾಗ, ಅದರಲ್ಲಿ ತಪ್ಪಿಲ್ಲ. ಆದರೆ ಚಿಕ್ಕಯ್ಯನ ನಡಿಗೆ, ಸೆರಗು ಸರಿಪಡಿಸಿಕೊಳ್ಳುವ ಕೈ, ಮಾತಿನ ರಾಗ ನಾಟಕ ನಿಂತ ಮೇಲೂ ನಿಲ್ಲಲಿಲ್ಲ. ರಂಗದ ಮೇಲೆ ಅವಕ್ಕೆ ಚಪ್ಪಾಳೆ ಹೊಡೆದವರೇ ಅರಳಿಕಟ್ಟೆಯಲ್ಲಿ ನಗತೊಡಗಿದರು. ಚಿಕ್ಕಯ್ಯ ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಿಲ್ಲ, ಇಲ್ಲಿ ಊಹಿಸುವುದೂ ಇಲ್ಲ.

ನನಗೆ ಹನ್ನೆರಡು ವರ್ಷವಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಏಕಪಾತ್ರಾಭಿನಯವೆಂದು ವೇದಿಕೆ ಹತ್ತಿ, ಅವರ ನಡಿಗೆಯನ್ನು ನಡೆದು ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ನನಗೆ ಒಂದು ಸ್ಟೀಲಿನ ಲೋಟ ಬಹುಮಾನ ಬಂತು. ಜನರ ನಡುವೆ ಹಿಂದಿನ ಸಾಲಿನಲ್ಲಿ ಚಿಕ್ಕಯ್ಯ ನಿಂತಿದ್ದರು.

ರಾತ್ರಿ ಊಟವಾದ ಮೇಲೆ ಮೇಡಂ ಹೇಳಿದ ಸಂಗತಿಯೊಂದು ಇದಕ್ಕೆ ತಾಕಿತು. ಟಿ.ವಿ.ಯ ಜನಪ್ರಿಯ ಹಾಸ್ಯ ಕಲಾವಿದರೊಬ್ಬರು ಋತುಪರ್ಣೊ ಅವರ ಮಾತು, ಹಾವಭಾವಗಳನ್ನು ಅಣಕಿಸಿ ಬಂಗಾಳವನ್ನೆಲ್ಲ ನಗಿಸುತ್ತಿದ್ದರು. ಋತುಪರ್ಣೊ ಆ ಕಲಾವಿದರನ್ನು ತಮ್ಮದೇ ಸಂದರ್ಶನ ಕಾರ್ಯಕ್ರಮಕ್ಕೆ ಕರೆಸಿ, ಎದುರು ಕೂರಿಸಿಕೊಂಡು, ನೀನು ಅಣಕಿಸುವುದು ನನ್ನೊಬ್ಬನನ್ನೋ ಅಥವಾ ಹೆಣ್ಣಿನ ಹಾವಭಾವವಿರುವ ಗಂಡಸರೆಲ್ಲರನ್ನೋ ಎಂದು ಕೇಳಿದರಂತೆ. ತನಗೆ ಹೆಸರಿದೆ, ತಾನು ತಡೆದುಕೊಳ್ಳಬಲ್ಲೆ. ಹೆಸರಿಲ್ಲದೆ ಬೀದಿಯಲ್ಲಿ ನಡೆಯುವ ಇಂಥವರೆಲ್ಲರಿಗೆ ಆ ನಗುವಿನಿಂದ ಆಗುವ ಅವಮಾನವನ್ನು ಎಂದಾದರೂ ಯೋಚಿಸಿದ್ದೀಯಾ ಎಂಬುದು ಅವರ ಪ್ರಶ್ನೆಯ ತಿರುಳಾಗಿತ್ತು. ನಾನು ಮೇಡಂಗೆ ನನ್ನ ಸ್ಟೀಲಿನ ಲೋಟದ ಕಥೆಯನ್ನು ಆ ರಾತ್ರಿ ಹೇಳಿದೆ. ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ.

ಮೇ 29, ಮೂರನೆಯ ದಿನ

ಬೆಳಿಗ್ಗೆ ಜಗನ್ಮೋಹನ ಅರಮನೆಗೆ ಹೋಗಿ, ಹಲ್ದಂಕರ್ ಬರೆದ ದೀಪ ಹಿಡಿದ ಹೆಂಗಸಿನ ಜಲವರ್ಣದ ಎದುರು ಸ್ವಲ್ಪ ಹೊತ್ತು ನಿಂತು ಬಂದೆ. ಬೆರಳ ಸಂದಿಯಿಂದ ಮುಖಕ್ಕೆ ಬೀಳುವ ಆ ಕೆಂಪು ಬೆಳಕು ಋತುಪರ್ಣೊ ಅವರ ಒಳಮನೆಗಳ ಬೆಳಕನ್ನು ನೆನಪಿಸಿತು. ಪರದೆ, ಮಂಚ, ಕನ್ನಡಿ, ಸೀರೆಯ ಅಂಚು ಯಾವುದನ್ನೂ ಅವರು ಬೇರೆಯವರ ಕೈಗೆ ಪೂರ್ತಿಯಾಗಿ ಬಿಟ್ಟವರಲ್ಲ.

ಮಧ್ಯಾಹ್ನದ ‘ಮೆಮರೀಸ್ ಇನ್ ಮಾರ್ಚ್’ ನಮ್ಮ ಗುಂಪಿನಲ್ಲಿದ್ದ ತಾಯಂದಿರನ್ನು ಅಳಿಸಿತು. ಅಪಘಾತದಲ್ಲಿ ಸತ್ತ ಮಗನ ಸಾಮಾನು ಒಯ್ಯಲು ದೆಹಲಿಯಿಂದ ಬಂದ ತಾಯಿ, ಮಗ ಪ್ರೀತಿಸಿದ್ದು ಒಬ್ಬ ಗಂಡಸನ್ನು ಎಂದು ಅಲ್ಲಿ ತಿಳಿಯುತ್ತಾಳೆ. ಆ ಗಂಡಸು ಎದುರಿಗೇ ಕೂತಿದ್ದಾನೆ, ಅವನದೂ ಅದೇ ದುಃಖ. ದೀಪ್ತಿ ನವಲ್ ಮತ್ತು ಋತುಪರ್ಣೊ ಒಂದೇ ಸಾವಿಗೆ ಎರಡು ಕಡೆಯಿಂದ ಅಳುತ್ತಾ ನಿಧಾನವಾಗಿ ಹತ್ತಿರ ಬರುತ್ತಾರೆ. ಚಿತ್ರ ಮುಗಿದಾಗ ಬ್ಯಾಂಕಿನ ಹಿರಿಯರು ಒಂದು ಪ್ರಶ್ನೆ ಕೇಳಿದರು. ಋತುಪರ್ಣೊ ಅವರ ಬಗ್ಗೆ ಮನೆಯಲ್ಲಿ ಹೇಳುವಾಗ ‘ಅವನು’ ಎನ್ನಬೇಕೋ ‘ಅವಳು’ ಎನ್ನಬೇಕೋ ಎಂಬುದು ಅವರ ಚಿಂತೆ. ಕೇಳಿದ ಧ್ವನಿಯಲ್ಲಿ ಕುಹಕವಿರಲಿಲ್ಲ.

ಬಂಗಾಳಿಯಲ್ಲಿ ಆ ಕಷ್ಟವೇ ಇಲ್ಲ ಎಂದರು ಮೇಡಂ. ‘ಶೆ’ ಎಂದರೆ ಅವನೂ ಹೌದು, ಅವಳೂ ಹೌದು, ಗೌರವಕ್ಕೆ ‘ತಿನಿ’, ಕ್ರಿಯಾಪದಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ. ಅಂಥ ಭಾಷೆಯಲ್ಲಿ ಇಡೀ ಪ್ರೇಮಕಥೆಯನ್ನು ಪ್ರೇಮಿ ಯಾರೆಂದು ಬಿಟ್ಟುಕೊಡದೆ ಹೇಳಿಬಿಡಬಹುದು. ಕನ್ನಡದಲ್ಲಿ ಬಂದನು, ಬಂದಳು ಎಂದು ಕ್ರಿಯಾಪದವೇ ಕೈಹಿಡಿದು ನಿಲ್ಲಿಸಿ ಕೇಳುತ್ತದೆ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಈ ನಾಡಿನಲ್ಲೂ, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರದ ಹೆಸರು ಇದೇ ಎರಡು ಸರ್ವನಾಮಗಳ ನಡುವಿನ ಸಂಕಟವಾಗಿತ್ತು: ‘ನಾನು ಅವನಲ್ಲ ಅವಳು’. ನಮ್ಮಲ್ಲಿರುವುದು ‘ಅವರು’ ಎಂಬ ಒಂದೇ ದಾರಿ. ಅದು ತೆರೆದುಕೊಳ್ಳುವುದು ಮರ್ಯಾದೆ ಕೊಟ್ಟಾಗ ಮಾತ್ರ. ಹಿರಿಯರು ಯೋಚಿಸಿ, ‘ಹಾಗಾದರೆ ಅವರು ಅಂತಲೇ ಹೇಳುತ್ತೇನೆ’ ಎಂದರು. ಈ ಬರಹದಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ.

ಸಂಜೆ ‘ಚಿತ್ರಾಂಗದಾ’. ಕನ್ನಡಿಗರಿಗೆ ಚಿತ್ರಾಂಗದೆ ಬಭ್ರುವಾಹನನ ತಾಯಿ. ಜೈಮಿನಿ ಭಾರತದಲ್ಲಾಗಲಿ, ರಾಜ್‌ಕುಮಾರ್ ಅರ್ಜುನನೂ ಬಭ್ರುವಾಹನನೂ ಆಗಿ ನಟಿಸಿದ 1977ರ ಚಿತ್ರದಲ್ಲಾಗಲಿ ನಾವು ಕಂಡದ್ದು ಗಂಡನಿಗಾಗಿ ಕಾದ, ಮಗನಿಗಾಗಿ ನೊಂದ ಹೆಣ್ಣನ್ನು. ಟ್ಯಾಗೋರರ ಚಿತ್ರಾಂಗದೆ ಬೇರೆ. ಮಣಿಪುರದ ರಾಜ ಅವಳನ್ನು ಗಂಡುಮಗನಂತೆ ಬೆಳೆಸಿದ್ದಾನೆ, ಬಿಲ್ಲು ಹಿಡಿಸಿದ್ದಾನೆ. ಅರ್ಜುನನನ್ನು ಕಂಡು ಮೋಹಗೊಂಡವಳು ಮದನನನ್ನು ಬೇಡಿ ಒಂದು ವರ್ಷದ ಮಟ್ಟಿಗೆ ಚೆಲುವಾದ ದೇಹ ಪಡೆಯುತ್ತಾಳೆ, ಕಡೆಗೆ ಆ ಎರವಲಿನ ಚೆಲುವು ಸಾಕೆಂದು ತನ್ನ ರೂಪದಲ್ಲೇ ಅರ್ಜುನನ ಎದುರು ನಿಲ್ಲುತ್ತಾಳೆ. ಋತುಪರ್ಣೊ ಅವರ ಚಿತ್ರದಲ್ಲಿ ಈ ನೃತ್ಯನಾಟಕವನ್ನು ರಂಗಕ್ಕೆ ತರುವ ನಿರ್ದೇಶಕ ರುದ್ರ, ತನ್ನ ತಂಡದ ತಾಳವಾದ್ಯಗಾರ ಪಾರ್ಥನನ್ನು ಪ್ರೀತಿಸುತ್ತಾನೆ. ಪಾರ್ಥನಿಗೆ ಮಕ್ಕಳೆಂದರೆ ಆಸೆ. ಇಬ್ಬರು ಗಂಡಸರಿಗೆ ಕಾನೂನು ಮಗುವನ್ನು ದತ್ತು ಕೊಡುವುದಿಲ್ಲ. ಹಾಗಾಗಿ ರುದ್ರ ಶಸ್ತ್ರಚಿಕಿತ್ಸೆಯಿಂದ ಹೆಣ್ಣಾಗಲು ಹೊರಡುತ್ತಾನೆ. ಅರ್ಧ ದಾರಿಯಲ್ಲಿ ಪಾರ್ಥ ದೂರವಾಗುತ್ತಾನೆ.

ನನ್ನ ಮಟ್ಟಿಗೆ ಆ ಚಿತ್ರದ ಜೀವ ಇರುವುದು ಪ್ರೇಮಿಗಳ ದೃಶ್ಯಗಳಲ್ಲಿ ಅಲ್ಲ, ರುದ್ರನ ಅಪ್ಪ ಅಮ್ಮನ ದೃಶ್ಯಗಳಲ್ಲಿ. ಮಗನ ದೇಹ ತಾನು ಹೆತ್ತದ್ದು, ಅದರಲ್ಲಾಗುವ ಬದಲಾವಣೆ ತನಗೆ ತಿಳಿಯಬೇಕು ಎಂದು ಕೇಳುವ ತಾಯಿಯನ್ನು ಋತುಪರ್ಣೊ ಖಳಳನ್ನಾಗಿ ಮಾಡುವುದಿಲ್ಲ. ಮಗನ ಕುಣಿತವನ್ನು ಕಂಡು ಮುಜುಗರಪಟ್ಟ ತಂದೆಯನ್ನೂ ಮಾಡುವುದಿಲ್ಲ. ಕಡೆಯ ಚಿಕಿತ್ಸೆಯ ಹಿಂದಿನ ರಾತ್ರಿ ರುದ್ರ ಮನಸ್ಸು ಬದಲಿಸುತ್ತಾನೆ. ಇದನ್ನು ಸೋಲೆಂದು ಕೆಲವರು ಬಗೆಯಬಹುದು, ನನಗೆ ಹಾಗೆ ಕಾಣಲಿಲ್ಲ. ಇನ್ನೊಬ್ಬನಿಗಾಗಿ ಹೊರಟ ಬದಲಾವಣೆಯನ್ನು ಆತ ನಿಲ್ಲಿಸುತ್ತಾನೆ ಅಷ್ಟೆ. ತಮ್ಮ ಹುಟ್ಟುಹಬ್ಬವಾದ 2012ರ ಆಗಸ್ಟ್ 31ರಂದೇ ಬಿಡುಗಡೆಯಾದ ಈ ಚಿತ್ರಕ್ಕೆ ಅವರು ರಾಷ್ಟ್ರಪ್ರಶಸ್ತಿಯ ತೀರ್ಪುಗಾರರ ವಿಶೇಷ ಬಹುಮಾನ ಪಡೆದರು. ಒಂಬತ್ತು ತಿಂಗಳ ಮೇಲೆ ಕೋಲ್ಕತ್ತದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ತಳ್ಳಿಹಾಕಿತು; 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ಅದನ್ನು ಸರಿಪಡಿಸಿತು. ಎರಡನ್ನೂ ನೋಡಲು ಅವರಿರಲಿಲ್ಲ.

ಮೇ 30, ನಾಲ್ಕನೆಯ ದಿನ

ಬೆಳಗಿನ ರೈಲಿನಲ್ಲಿ ಪಾಂಡವಪುರಕ್ಕೆ ಹೋಗಿ ಅಲ್ಲಿಂದ ಆಟೊ ಹಿಡಿದೆ. ವಿ.ಸಿ. ನಾಲೆಯಲ್ಲಿ ಇನ್ನೂ ನೀರು ಬಿಟ್ಟಿರಲಿಲ್ಲ. ಕಬ್ಬಿನ ಗದ್ದೆಗಳು ಹಿಂದಿನ ದಿನಗಳ ಮಳೆಯಲ್ಲೇ ಹಸಿರು ಹಿಡಿದಿದ್ದವು. ಚಿಕ್ಕಯ್ಯ ಜಗುಲಿಯ ಮೇಲೆ ಅವರೆಬೇಳೆ ಆರಿಸುತ್ತಾ ಕೂತಿದ್ದರು. ಎಪ್ಪತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ‘ಏನ್ಲಾ ಮಗ, ದಾರಿ ನೆನಪಿತ್ತಾ?’ ಎಂದರು. ಅವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಮುದ್ದೆ, ಸೊಪ್ಪಿನ ಸಾರು ಉಂಡ ಮೇಲೆ ಲ್ಯಾಪ್‌ಟಾಪನ್ನು ಒಳಮನೆಯ ಮಂಚದ ಮೇಲಿಟ್ಟು, ಒಂದು ಬಂಗಾಳಿ ಚಿತ್ರ ತೋರಿಸುತ್ತೇನೆ, ಹೆಸರು ಚಿತ್ರಾಂಗದಾ ಎಂದೆ. ಮಾಡಿದವರ ಹೆಸರು ಕೇಳಿದಾಗ ಅವರ ಹುಬ್ಬು ಮೇಲೇರಿತು.

‘ಋತುಪರ್ಣ ಅಂದ್ರೆ ಬಾಹುಕನ್ನ ಮನೇಲಿಟ್ಕೊಂಡಿದ್ನಲ್ಲ, ಆ ರಾಜನ ಹೆಸ್ರು ಅಲ್ವೇನ್ಲಾ?’

ಮೂರು ದಿನ ಆ ಹೆಸರನ್ನು ಹೇಳುತ್ತಲೇ ಇದ್ದರೂ ನಳಚರಿತ್ರೆ ನನಗೆ ಹೊಳೆದಿರಲಿಲ್ಲ. ಕಾರ್ಕೋಟಕ ಕಚ್ಚಿ ರೂಪ ಕಳೆದುಕೊಂಡು ಬಾಹುಕನಾಗಿದ್ದ ನಳನನ್ನು, ಯಾರೆಂದು ಕೆದಕದೆ, ಕೆಲಸ ಕೊಟ್ಟು ಇಟ್ಟುಕೊಂಡ ಅಯೋಧ್ಯೆಯ ರಾಜ ಋತುಪರ್ಣ. ಚಿಕ್ಕಯ್ಯ ಹೇಳಿದ್ದನ್ನು ಅಲ್ಲೇ ಒಂದು ಚೀಟಿಯ ಮೇಲೆ ಬರೆದುಕೊಂಡೆ.

ಬಂಗಾಳಿ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರಿಗೆ ಅದರ ಅಗತ್ಯ ನಾನಂದುಕೊಂಡಷ್ಟು ಇರಲಿಲ್ಲ. ಕುಣಿಯುವವರ ಕಾಲುಗಳನ್ನೇ ನೋಡುತ್ತಿದ್ದರು. ಒಬ್ಬ ಹುಡುಗಿ ಹೆಜ್ಜೆ ತಪ್ಪಿದಳು ಎಂದೂ, ಋತುಪರ್ಣೊ ಅಂಗಾಲು ಊರುವ ರೀತಿ ಸರಿಯಾಗಿದೆ ಎಂದೂ ಹೇಳಿದರು. ‘ಇವ್ರು ಕಲ್ತವ್ರೆ’ ಎಂದರು. ನಾನು ಹೇಳಿಕೊಡದೆಯೇ ‘ಇವ್ರು’ ಎಂದರು. ತಾಯಿಯ ದೃಶ್ಯ ಬಂದಾಗ ಮಾತ್ರ ನನ್ನ ಕಡೆ ತಿರುಗಿ, ಆಕೆ ಏನಂದಳು ಎಂದು ಕೇಳಿದರು. ಹೇಳಿದೆ. ನಮ್ಮ ಅಜ್ಜಿಯ ಫೋಟೊ ಅದೇ ಗೋಡೆಯ ಮೇಲಿತ್ತು. ಅವರು ಅದನ್ನೊಮ್ಮೆ ನೋಡಿ ಮತ್ತೆ ಪರದೆಯ ಕಡೆ ತಿರುಗಿದರು.

ಅಲ್ಲಿ ಚಿತ್ರವನ್ನು ನಿಲ್ಲಿಸಿದೆ. ಟಿ.ವಿ.ಯಲ್ಲಿ ಅಣಕಿಸಿದವರನ್ನು ಋತುಪರ್ಣೊ ಎದುರು ಕೂರಿಸಿಕೊಂಡು ಕೇಳಿದ ಸಂಗತಿಯನ್ನು ಮೊದಲು ಹೇಳಿದೆ. ಆಮೇಲೆ, ‘ಚಿಕ್ಕಯ್ಯ, ಆವತ್ತು ಸ್ಕೂಲಲ್ಲಿ ನಾನು ಮಾಡಿದ್ದು ತಪ್ಪು. ಎಷ್ಟೋ ವರ್ಷದಿಂದ ಹೇಳಬೇಕು ಅಂತಿದ್ದೆ’ ಎಂದೆ. ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ಚಿಕ್ಕಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಹಿತ್ತಲಲ್ಲಿ ಯಾರೋ ನಲ್ಲಿ ನೀರು ಹಿಡಿಯುತ್ತಿದ್ದ ಸದ್ದು ಕೇಳುತ್ತಿತ್ತು.

‘ತಪ್ಪೇಯ’ ಎಂದರು. ‘ಬೇಜಾರಾಯ್ತು ಕಣ್ಲಾ ಆವತ್ತು. ಮನೇಗೆ ಬಂದು ಊಟ ಮಾಡ್ಲಿಲ್ಲ. ನಿಮ್ಮಜ್ಜಿ ಕೇಳುದ್ಲು, ಹೇಳ್ಲಿಲ್ಲ.’ ಸ್ವಲ್ಪ ತಡೆದು, ‘ಅದೂ ಅಲ್ದೆ ನಾನು ಹಂಗೆ ನಡೀತಿರ್ಲಿಲ್ಲ’ ಎಂದರು.

ಹೆಗಲ ಮೇಲಿನ ಟವೆಲನ್ನು ತೆಗೆದು ಸೆರಗಿನಂತೆ ಹೊದ್ದು ಎದ್ದು ನಿಂತರು. ನಾನು ಆವತ್ತು ವೇದಿಕೆಯ ಮೇಲೆ ಇಟ್ಟುಕೊಂಡಿದ್ದಂತೆ ಎಡಗೈ ಸೊಂಟದ ಮೇಲೆ ಹೋಗಲಿಲ್ಲ. ಅದು ಸೆರಗಿನ ಅಂಚನ್ನು ಹಗುರವಾಗಿ ಹಿಡಿದಿತ್ತು. ತಲೆ ಬಾಗಲಿಲ್ಲ. ಒಳಮನೆಯಿಂದ ಹೊಸ್ತಿಲವರೆಗಿನ ಆ ಹತ್ತು ಹೆಜ್ಜೆಗಳನ್ನು, ಗಂಡ ಬಂದಿದ್ದಾನೆಂಬ ಸುದ್ದಿ ಕೇಳಿ ಮಣಿಪುರದ ರಾಣಿ ನಡೆದು ಬರುವ ಹೆಜ್ಜೆಗಳನ್ನು, ಅವರು ನಿಧಾನವಾಗಿ ನಡೆದು ತೋರಿಸಿದರು. ಹೊಸ್ತಿಲ ಬಳಿ ನಿಂತು ಹಿಂತಿರುಗಿದಾಗ ಉಸಿರು ಸ್ವಲ್ಪ ಏರಿತ್ತು.

‘ಈಗ ಮುಂದಕ್ಕೆ ಬುಡು’ ಎಂದು ಮಂಚದ ಮೇಲೆ ಬಂದು ಕೂತರು. ನಿಲ್ಲಿಸಿದ ಕಡೆಯಿಂದ ಚಿತ್ರವನ್ನು ಮತ್ತೆ ಹಾಕಿದೆ.